ಹಳದಿ ಸೇವಂತಿಗೆಗೆ ನೆರಳು ಹಾಕಿದರೆ ಹಸಿರಾಗ್ತಿದೆ, ಏನು ಮಾಡಲಿ?

ತೋಟದಮನೆ (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ಇಲ್ಲಿ ನೀವೆಲ್ಲ ಬರೆಯೋದನ್ನ ಎರಡು ವರ್ಷದಿಂದ ಓದ್ತಾ ಇದ್ದೀನಿ, ಕೇಳ್ತಾ ಇರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರದ ಒಂದು ಹಳ್ಳಿ. ಹಿತ್ತಲಿಗೆ ಅಂಟಿಕೊಂಡೇ ಮುಕ್ಕಾಲು ಎಕರೆ ಹಳದಿ ಸೇವಂತಿಗೆ, ಬದುವಿನ ಮೇಲೆ ಎರಡು ಸಾಲು ಕನಕಾಂಬರ. ಬೆಳಗಿನ ಜಾವ ಹಣೆಗೆ ಬ್ಯಾಟರಿ ಕಟ್ಟಿಕೊಂಡು ಹೂ ಬಿಡಿಸ್ತೀವಿ. ನಮ್ಮ ಮನೆಯವರು ಚೀಲಗಳನ್ನ ಗಾಡಿಗೆ ಹಾಕಿಕೊಂಡು ಮಾರ್ಕೆಟ್ಟಿಗೆ ಹೊರಟ ಮೇಲೆ, ಮಗಳು ಏಳೋದರೊಳಗೆ, ನನಗೆ ಮುಕ್ಕಾಲು ಗಂಟೆ ಸಿಗುತ್ತೆ. ತೊಟ್ಟು ಉದ್ದ ಇಟ್ಟು ಕಿತ್ತ ಒಂದೇ ಒಂದು ಹೂವನ್ನ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ, ಪೂರ್ವದ ಕಿಟಕಿ ಪಕ್ಕ ಇಟ್ಟು, ಆ ಮುಕ್ಕಾಲು ಗಂಟೆ ಜಲವರ್ಣದಲ್ಲಿ ಚಿತ್ರ ಬರೀತೀನಿ.

ತೊಂದರೆ ಏನಂದ್ರೆ, ಹಳದಿಯ ಮೊದಲ ಕೋಟ್ ಚೆನ್ನಾಗೇ ಬರುತ್ತೆ. ಎಸಳಿನ ಸಂದಿಗೆ ನೆರಳು ಕೊಡೋಣ ಅಂತ ಅದೇ ಹಳದಿಗೆ ಒಂಚೂರು ಕಪ್ಪು ಬೆರೆಸಿದರೆ ಪಾಚಿ ಬಣ್ಣ ಆಗುತ್ತೆ. ಕಪ್ಪು ಬಿಟ್ಟು ಕಡುಕಂದು ಹಾಕಿದೆ, ಮಳೆಗೆ ಸಿಕ್ಕಿ ಕೊಳೆತ ಹೂವಿನ ಥರ ಕಾಣಿಸ್ತು. ಹೋದ ವರ್ಷದ ಮಳೆಗೆ ಅರ್ಧ ತೋಟ ಹಾಗೇ ಹೋಗಿತ್ತು, ಅದನ್ನ ಚಿತ್ರದಲ್ಲೂ ನೋಡೋಕೆ ಮನಸ್ಸಿಲ್ಲ. ಒಂದು ವಿಡಿಯೋದಲ್ಲಿ ಹಳದಿಯ ನೆರಳಿಗೆ ನೇರಳೆ ಅಂದ್ರು. ಹಾಕಿದೆ, ಹೂವೆಲ್ಲ ಬಗ್ಗಡ ಆಯ್ತು. ಈ ತಿಂಗಳಲ್ಲಿ ಹದಿನಾಲ್ಕು ಹಾಳೆ ಆಗಿದೆ.

ಎರಡನೇದು ರಾತ್ರಿಯ ತೋಟ. ನಮ್ಮ ಕಡೆ ಸೇವಂತಿಗೆ ಹೊಲದಲ್ಲಿ ರಾತ್ರಿ ಬಲ್ಬ್ ಉರಿಸೋದು ನೀವು ನೋಡಿರಬಹುದು. ರಾತ್ರಿ ಉದ್ದವಾದರೆ ಈ ಗಿಡ ಮೊಗ್ಗು ಕಟ್ಟುತ್ತೆ. ಗಿಡ ಇನ್ನೂ ಗೇಣುದ್ದ ಇರುವಾಗಲೇ ಮೊಗ್ಗಾದರೆ ಹೂವಿನ ಗಾತ್ರವೂ ಹೋಯ್ತು, ತೂಕವೂ ಹೋಯ್ತು. ಅದಕ್ಕೇ ದೀಪ ಹಾಕಿ ರಾತ್ರಿಯನ್ನ ತುಂಡು ಮಾಡ್ತೀವಿ. ಮದುವೆಯಾಗಿ ಬಂದ ಮೊದಲ ವಾರ ಅಂಗಳದಲ್ಲಿ ನಿಂತು ನೋಡಿದಾಗ, ಕತ್ತಲೆಯಲ್ಲಿ ಬೆಟ್ಟ ಕಾಣ್ತಿರಲಿಲ್ಲ, ಕೆಳಗೆ ಸಾಲು ಸಾಲು ದೀಪ. ಯಾವೂರಲ್ಲಿ ಜಾತ್ರೆ ಅಂತ ಅತ್ತೇನ ಕೇಳಿದ್ದೆ. ಅದನ್ನ ಬರೀಬೇಕು ಅಂತ ಒಂಬತ್ತು ವರ್ಷದಿಂದ ಆಸೆ. ಕಡುನೀಲಿ ಬಳಿದು ಮೇಲೆ ಬಿಳಿ ಪೋಸ್ಟರ್ ಕಲರ್‌ನಲ್ಲಿ ಚುಕ್ಕೆ ಇಟ್ಟರೆ ದೀಪ ಬೆಳಗೋದೇ ಇಲ್ಲ, ಸುಣ್ಣದ ಚುಕ್ಕೆ ಹಾಗೆ ಕೂತಿರುತ್ತೆ. ಅದೂ ಅಲ್ಲದೆ, ಬಿಳಿ ಬಣ್ಣ ಮುಟ್ಟಿದರೆ ಅದು ಜಲವರ್ಣವೇ ಅಲ್ಲ ಅಂತ ಒಬ್ಬರು ಹೇಳಿದರು. ಅದು ನಿಜವಾ?

ಮೂರನೇದು, ಗೆಳತಿಯ ಗೃಹಪ್ರವೇಶಕ್ಕೆ ಬಟನ್ ರೋಸ್ ಗೊಂಚಲು ಬರೆದು ಫ್ರೇಮ್ ಹಾಕಿಸಿ ಕೊಟ್ಟಿದ್ದೆ. ಒಂದು ವರ್ಷ ಆದ ಮೇಲೆ ಅವಳ ಮನೆಗೆ ಹೋದಾಗ ನೋಡಿದರೆ ಎಲೆ ಹಾಗೇ ಇದೆ, ಗುಲಾಬಿ ಬಣ್ಣ ಹೋಗಿ ಕಾಗದ ಬೆಳ್ಳಗಾಗಿದೆ. ಅವಳು ಏನೂ ಅನ್ನಲಿಲ್ಲ. ನನಗೆ ಊಟ ಸೇರಲಿಲ್ಲ.

ಈ ಬೆಳೆ ಮುಗಿದ ಮೇಲೆ ಸೇವಂತಿಗೆ ತೆಗೆದು ದ್ರಾಕ್ಷಿ ಹಾಕೋಣ ಅಂತ ಮಾವ ಹೇಳ್ತಿದ್ದಾರೆ. ಅವರು ಹೇಳೋದರಲ್ಲಿ ತಪ್ಪಿಲ್ಲ, ಕೂಲಿ ಗಿಟ್ಟದೆ ಹೂವನ್ನ ತಿಪ್ಪೆಗೆ ಸುರಿದ ದಿನಗಳನ್ನ ನಾನೂ ನೋಡಿದ್ದೀನಿ. ಆದರೆ ಗಿಡ ಕೀಳೋದರೊಳಗೆ ಈ ಹೂವನ್ನ ಒಂದು ಸಲವಾದರೂ ಸರಿಯಾಗಿ ಬರೀಬೇಕು. ನನ್ನ ಹತ್ತಿರ ಇರೋದು ಮಕ್ಕಳ ಬಣ್ಣದ ಬಿಲ್ಲೆ ಪೆಟ್ಟಿಗೆ, ಕೆಲವು ಟ್ಯೂಬು, 8ನೇ ನಂಬರ್ ರೌಂಡ್ ಬ್ರಷ್, ಮಗಳ ಬಣ್ಣದ ಪೆನ್ಸಿಲ್ ಅಷ್ಟೇ.

ಡ್ರಾಯಿಂಗ್ ಮೇಷ್ಟ್ರು (ಕೋಲಾರ)

ಅಮ್ಮಾ, ಹದಿನಾಲ್ಕು ಹಾಳೆ ವ್ಯರ್ಥ ಅಂದುಕೋಬೇಡಿ. ಪ್ರಶ್ನೆ ಇಷ್ಟು ಸ್ಪಷ್ಟವಾಗಿರೋದು ಆ ಹದಿನಾಲ್ಕರಿಂದಲೇ. ಮೂವತ್ತು ವರ್ಷ ಹೈಸ್ಕೂಲ್ ಮಕ್ಕಳಿಗೆ ಕಲಿಸಿದ ಅನುಭವದಲ್ಲಿ ಹೇಳ್ತಿದ್ದೀನಿ.

ಕಪ್ಪು ಬಣ್ಣ ಬರೀ ಕತ್ತಲೆಯಲ್ಲ, ಅದರೊಳಗೆ ನೀಲಿಯ ಛಾಯೆ ಇರುತ್ತೆ. ಹಳದಿ ಜೊತೆ ಸೇರಿದರೆ ಹಸಿರಾಗದೆ ಇನ್ನೇನಾಗುತ್ತೆ? ಪೆಟ್ಟಿಗೆಯಿಂದ ಕಪ್ಪು ಬಿಲ್ಲೆ ತೆಗೆದು ಪಕ್ಕಕ್ಕಿಡಿ. ನೇರಳೆ ಅಂದವರದ್ದು ತಪ್ಪಲ್ಲ, ಅಳತೆ ಹೇಳಲಿಲ್ಲ ಅಷ್ಟೇ. ಹಳದಿಗೆ ನೇರಳೆ ಎದುರು ಬಣ್ಣ, ಒಂದನ್ನೊಂದು ಕೊಲ್ಲುತ್ತೆ. ಬ್ರಷ್ಷಿನ ತುದಿಯಲ್ಲಿ ಸಾಸಿವೆ ಕಾಳಷ್ಟು ಸಾಕು, ಅದೂ ಅತಿ ಆಳದ ಸಂದಿಗೆ ಮಾತ್ರ.

ಈಗ ಹೂವನ್ನ ನೋಡೋ ವಿಷಯ. ಒಂದು ಬಿಳಿ ಪೋಸ್ಟ್ ಕಾರ್ಡಿನ ನಡುವೆ ಮೆಣಸಿನ ಕಾಳಷ್ಟು ತೂತು ಮಾಡಿ. ಒಂದು ಕಣ್ಣು ಮುಚ್ಚಿ, ಆ ತೂತಿನಿಂದ ಎಸಳಿನ ಸಂದಿಯನ್ನಷ್ಟೇ ನೋಡಿ. ಸುತ್ತಲಿನ ಹಳದಿ ಮರೆಯಾದ ಮೇಲೆ ನೆರಳಿನ ನಿಜ ಬಣ್ಣ ಕಾಣುತ್ತೆ. ನಾನು ಈ ಉಪಾಯ ಹೇಳಿಕೊಟ್ಟಾಗ ಮಕ್ಕಳು ಮೊದಲು ಕಂದು ಅಂತಿದ್ದವರು, ತೂತಿನಿಂದ ನೋಡಿದ ಮೇಲೆ ಕಿತ್ತಳೆ ಅಂದರು. ಅದೇ ಸರಿ. ಸೇವಂತಿಗೆ ಎಸಳು ಒತ್ತೊತ್ತಾಗಿರುತ್ತೆ, ಒಂದು ಎಸಳಿನ ಹಳದಿ ಬೆಳಕು ಪಕ್ಕದ ಎಸಳಿಗೆ ಬಡಿದು, ಅಲ್ಲಿಂದ ಇನ್ನೊಂದಕ್ಕೆ ಬಡಿದು, ಒಳಗಿನ ನೆರಳು ಬಿಸಿಯಾಗುತ್ತೆ, ಅಂದರೆ ಕಿತ್ತಳೆಗೆ ವಾಲುತ್ತೆ, ಜೇನಿನ ಹಾಗೆ. ಆಕಾಶದ ಕಡೆಗೆ ಬೆನ್ನು ಮಾಡಿರೋ ಹೊರಗಿನ ಎಸಳುಗಳ ನೆರಳು ಮಾತ್ರ ತಣ್ಣಗೆ, ಚೂರು ಹಸಿರಿಗೆ ವಾಲಿರುತ್ತೆ. ಒಂದೇ ಹೂವಿನಲ್ಲಿ ಎರಡು ಥರದ ನೆರಳು. ನೀವು ಎರಡಕ್ಕೂ ಒಂದೇ ಬಣ್ಣ ಹಾಕ್ತಿದ್ದೀರಿ.

ಹೀಗೆ ಮಾಡಿ ನೋಡಿ. ಮೊದಲು ನಿಂಬೆ ಹಳದಿ ತುಂಬಾ ತೆಳುವಾಗಿ, ಬೆಳಕು ಬಿದ್ದ ಎಸಳ ತುದಿಗಳನ್ನ ಕಾಗದದ ಬಿಳಿಯಾಗೇ ಬಿಟ್ಟು. ಪೂರ್ತಿ ಒಣಗಲಿ. ಬೆರಳ ಹಿಂಭಾಗದಿಂದ ಕಾಗದ ಮುಟ್ಟಿ, ತಣ್ಣಗಿದ್ದರೆ ಇನ್ನೂ ಒಳಗೆ ಹಸಿ ಇದೆ ಅಂತ ಅರ್ಥ. ಒಣಗಿದ ಮೇಲೆ ಮೊಟ್ಟೆಯ ಭಂಡಾರದಂಥ ಬಿಸಿ ಹಳದಿಯನ್ನ ನೆರಳಿರೋ ಕಡೆ ಮಾತ್ರ. ಮತ್ತೆ ಒಣಗಿಸಿ ರಾ ಸಿಯೆನ್ನಾ ಅನ್ನೋ ಮಣ್ಣುಹಳದಿ, ಅದು ಇಲ್ಲದಿದ್ದರೆ ಯೆಲ್ಲೋ ಓಕರ್. ಕೊನೆಗೆ ಸಂದಿಗಳಿಗೆ ಬರ್ನ್ಟ್ ಸಿಯೆನ್ನಾ ಅನ್ನೋ ಕೆಂಗಂದು, ಅದರಲ್ಲಿ ಆ ಸಾಸಿವೆ ಕಾಳಷ್ಟು ನೇರಳೆ. ಒಂದು ಕೋಟಿಗೆ ಎರಡೇ ಬಣ್ಣ ಬೆರೆಸಿ, ಮೂರನೇದು ಸೇರಿದ ಕೂಡಲೇ ಬಗ್ಗಡ ಶುರು. ನಿಮ್ಮ ಹತ್ತಿರ ಇರೋದು ಮುಕ್ಕಾಲು ಗಂಟೆ, ಒಣಗಿಸೋಕೇ ಅದು ಹೋಗುತ್ತೆ. ಅದಕ್ಕೆ ಮೂರು ಹೂ ಒಟ್ಟಿಗೆ ಶುರು ಮಾಡಿ. ಒಂದು ಒಣಗೋ ಹೊತ್ತಿಗೆ ಇನ್ನೊಂದು.

ಕಾಗದಕ್ಕೆ ದುಡ್ಡು ಹಾಕಿ, ಬಣ್ಣಕ್ಕಿಂತ ಮೊದಲು. ಸಾಮಾನ್ಯ ಡ್ರಾಯಿಂಗ್ ಶೀಟ್ ಎರಡನೇ ಕೋಟಿಗೇ ನಾರು ಎದ್ದು ನಿಲ್ಲುತ್ತೆ. 300 ಜಿಎಸ್‌ಎಂ ದಪ್ಪದ ಕಾಟನ್ ಕಾಗದ, ಕೋಲ್ಡ್ ಪ್ರೆಸ್, ಅಂದರೆ ಮೇಲೆ ಸ್ವಲ್ಪ ತರಿ ಇರೋದು. 22 ಇಂಚು, 30 ಇಂಚಿನ ಒಂದು ಪೂರ್ತಿ ಹಾಳೆ ತಗೊಂಡು ಎಂಟು ತುಂಡು ಮಾಡಿದರೆ ಒಂದೊಂದು 11ಕ್ಕೆ 7.5 ಇಂಚು ಬರುತ್ತೆ, ಒಂದು ಹೂವಿಗೆ ಧಾರಾಳ. ಬೋರ್‌ವೆಲ್ ನೀರು ಉಪಯೋಗಿಸ್ತಿದ್ದರೆ ನಿಲ್ಲಿಸಿ. ನಮ್ಮ ಜಿಲ್ಲೆಗಳ ನೀರು ಗಡಸು, ಅದರಲ್ಲಿರೋ ಸುಣ್ಣದಂಶಕ್ಕೆ ಕೆಲವು ಬಣ್ಣ ಹರಳುಗಟ್ಟಿದ ಹಾಗೆ ಕೂರುತ್ತೆ. ಕುಡಿಯೋಕೆ ಕ್ಯಾನಿನಲ್ಲಿ ತರೋ ಫಿಲ್ಟರ್ ನೀರನ್ನೇ ಎರಡು ಲೋಟ ಇಟ್ಕೊಳ್ಳಿ. ಒಂದು ಬ್ರಷ್ ತೊಳೆಯೋಕೆ, ಇನ್ನೊಂದು ಬಣ್ಣ ಕಲಸೋಕೆ.

ಬಿಳಿ ಮುಟ್ಟಿದರೆ ಜಲವರ್ಣ ಅಲ್ಲ ಅನ್ನೋ ಮಾತನ್ನ ಮನಸ್ಸಿಗೆ ಹಚ್ಕೋಬೇಡಿ. ಹತ್ತೊಂಬತ್ತನೇ ಶತಮಾನದಲ್ಲಿ ಮದರಾಸಿನ ಕಡೆ ರಾಬರ್ಟ್ ವೈಟ್ ಅನ್ನೋ ಸಸ್ಯಶಾಸ್ತ್ರಜ್ಞರಿಗೆ ಗಿಡ, ಹೂ ಬರೆದುಕೊಟ್ಟವರು ರಂಗಯ್ಯ, ಗೋವಿಂದು ಅನ್ನೋ ನಮ್ಮ ದಕ್ಷಿಣದ ಚಿತ್ರಗಾರರು. ಗೋವಿಂದು ಅವರ ಹೆಸರನ್ನ ವೈಟ್ ಒಂದು ಆರ್ಕಿಡ್ ಕುಲಕ್ಕೇ ಇಟ್ಟರು, ಗೋವಿಂದೂಯಾ ಅಂತ. ಆ ಕಾಲದ ನಮ್ಮ ಸಸ್ಯಚಿತ್ರಗಾರರು ತೆಳು ಬಣ್ಣದ ಜೊತೆ ಕಾಗದ ಮುಚ್ಚೋ ದಟ್ಟ ಬಣ್ಣವನ್ನೂ ಸಂಕೋಚವಿಲ್ಲದೆ ಬಳಸಿದವರು. ಚಿತ್ರಕ್ಕೆ ಬೇಕಾದರೆ ಬಿಳಿ ಹಾಕಿ.

ಕಲ್ಪತರು ಕುಂಚ (ತುಮಕೂರು)

ಮೇಷ್ಟ್ರು ಹಗಲಿನ ಹೂ ಹೇಳಿದ್ದಾರೆ, ನಾನು ರಾತ್ರಿಯದ್ದು ಹೇಳ್ತೀನಿ ಅಕ್ಕ. ಭಾನುವಾರ ದೇವರಾಯನದುರ್ಗಕ್ಕೆ ಸ್ಕೆಚ್ ಬುಕ್ ತಗೊಂಡು ಹೋಗೋನು ನಾನು, ಮಿಕ್ಸೆಡ್ ಮೀಡಿಯಾ, ಅಂದರೆ ಒಂದೇ ಚಿತ್ರಕ್ಕೆ ಹಲವು ಥರದ ಬಣ್ಣ ಬಳಸೋದು, ನನ್ನ ಹುಚ್ಚು.

ಪೋಸ್ಟರ್ ಕಲರ್ ಚುಕ್ಕೆ ಬೆಳಗಲ್ಲ, ಯಾಕಂದ್ರೆ ಅದು ಕತ್ತಲೆಯ ಮೇಲೆ ಅಂಟಿಸಿದ ಬಿಳಿ. ಕಾಗದದ ಬಿಳಿಯೇ ಬೆಳಗಬೇಕು. ಅದಕ್ಕೆ ಮನೆಯಲ್ಲಿರೋ ಬಿಳಿ ಮೇಣದಬತ್ತಿ ಸಾಕು. ಬಲ್ಬ್ ಇರೋ ಜಾಗದಲ್ಲಿ ಮೇಣವನ್ನ ಒತ್ತಿ ತಿರುಗಿಸಿ, ಆಮೇಲೆ ಮೇಲೆ ಕಡುನೀಲಿ ಬಳಿಯಿರಿ. ಮೇಣ ಇರೋ ಕಡೆ ನೀರು ಹಿಡಿಯಲ್ಲ. ಎಲ್ಲಾ ಒಣಗಿದ ಮೇಲೆ ಬಿಳಿ ಹಾಳೆ ಮೇಲಿಟ್ಟು ಹದವಾದ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಮೇಣ ಹಾಳೆಗೆ ಬರುತ್ತೆ. ನ್ಯೂಸ್ ಪೇಪರ್ ಇಡಬೇಡಿ, ಅಕ್ಷರ ಇಳಿಯುತ್ತೆ, ನನ್ನದೊಂದು ಚಿತ್ರ ಹಾಗೇ ಕೆಟ್ಟಿದೆ. ಒಂದು ಎಚ್ಚರಿಕೆ, ಇಸ್ತ್ರಿ ಮಾಡಿದರೂ ಕಾಗದದಲ್ಲಿ ಜಿಡ್ಡು ಉಳಿದೇ ಉಳಿಯುತ್ತೆ, ಅಲ್ಲಿ ಮತ್ತೆ ಬಣ್ಣ ಹಿಡಿಯಲ್ಲ. ಹಾಗಾಗಿ ದೀಪಕ್ಕೆ ತಿಳಿಹಳದಿ ಬೇಕಿದ್ದರೆ ಮೇಣಕ್ಕಿಂತ ಮೊದಲೇ ಹಾಕಿ ಒಣಗಿಸಿಕೊಳ್ಳಿ.

ಬಣ್ಣದ ಪೆನ್ಸಿಲ್ ಯಾವಾಗಲೂ ಕೊನೆಗೆ. ಅದರಲ್ಲೂ ಮೇಣ ಇರುತ್ತೆ. ಮೊದಲೇ ಗೀಚಿದರೆ ಮೇಲೆ ಬಣ್ಣ ಕೂರಲ್ಲ. ಸಾಫ್ಟ್ ಪ್ಯಾಸ್ಟಲ್ ಸಿಕ್ಕಿದರೆ ದೀಪದ ಸುತ್ತ ಬೆರಳಲ್ಲಿ ತೀಡಿ, ಮಂಜಿನೊಳಗಿನ ಬೆಳಕಿನ ಹಾಗೆ ಬರುತ್ತೆ. ಆದರೆ ಅದು ಪುಡಿ, ಗಾಜು ಹಾಕಿ ಫ್ರೇಮ್ ಮಾಡಿಸಲೇಬೇಕು, ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ಮೌಂಟ್ ಬೋರ್ಡ್ ಅನ್ನೋ ದಪ್ಪ ರಟ್ಟಿನ ಅಂಚು ಇರಲಿ.

ದೀಪದ ಕೆಳಗೆ ಅರಳಿರೋ ಹಳದಿ ಹೂಗಳಿಗೆ ಹಳದಿ ಆಯಿಲ್ ಪ್ಯಾಸ್ಟಲ್ ಚುಕ್ಕೆ ಇಟ್ಟು ನೋಡಿ, ಸೊಗಸಾಗಿರುತ್ತೆ.

ತೋಟದಮನೆ (ಚಿಕ್ಕಬಳ್ಳಾಪುರ)

ಮೇಷ್ಟ್ರೇ, ತುಂಬಾ ಧನ್ಯವಾದ. ಪೋಸ್ಟ್ ಕಾರ್ಡ್ ಮನೆಯಲ್ಲಿರಲಿಲ್ಲ, ಮದುವೆ ಆಮಂತ್ರಣ ಪತ್ರಿಕೆಯ ಖಾಲಿ ಭಾಗಕ್ಕೆ ತೂತು ಮಾಡಿ ನೋಡಿದೆ. ಸಂದಿಯಲ್ಲಿ ನಿಜವಾಗಲೂ ಕಿತ್ತಳೆ ಇದೆ! ಹದಿನೇಳು ವರ್ಷದಿಂದ, ತವರಲ್ಲೂ ಇಲ್ಲೂ, ದಿನಾ ಬೆಳಗ್ಗೆ ಕೈಯಲ್ಲಿ ಹಿಡಿದ ಹೂ ಇದು. ನಾನು ನೋಡಿರಲಿಲ್ಲ.

ಇನ್ನೊಂದೂ ಕಾಣಿಸ್ತು. ನಡುವಿನ ಎಸಳು ಇನ್ನೂ ಬಿಚ್ಚಿರಲ್ಲ, ಒಳಕ್ಕೆ ಬಾಗಿ ಒಂದರ ತಲೆ ಮೇಲೊಂದು ಕೂತಿರುತ್ತೆ, ಮುಷ್ಟಿ ಕಟ್ಟಿದ ಮಗುವಿನ ಬೆರಳ ಹಾಗೆ. ಅಲ್ಲಿ ಚೂರು ಎಳೆ ಹಸಿರು ಇದೆ. ಹೊರಗಿನ ಎಸಳು ಚಪ್ಪಟೆಯಾಗಿ ತುದಿ ಮಾತ್ರ ದೋಣಿ ಥರ ಮೇಲೆದ್ದಿರುತ್ತೆ. ಎಲ್ಲಾ ಎಸಳಿಗೂ ನಾನು ಒಂದೇ ಆಕಾರ ಹಾಕ್ತಿದ್ದೆ.

ಕುಂಚ ಅಣ್ಣ, ಮೇಣದ ವಿಷಯ ನಾಳೆಯೇ ಮಾಡಿ ನೋಡ್ತೀನಿ. ಆದರೆ ಒಂದು ಮಾತು, ತಪ್ಪು ತಿಳ್ಕೋಬೇಡಿ. ಬಲ್ಬ್ ಉರಿಯೋ ದಿನಗಳಲ್ಲಿ ಆ ತೋಟದಲ್ಲಿ ಹೂ ಇರಲ್ಲ. ಹೂ ಬರಬಾರದು ಅಂತಲೇ ದೀಪ ಹಾಕೋದು. ನಾಟಿ ಮಾಡಿದ ಮೇಲೆ ಸುಮಾರು ಒಂದು ತಿಂಗಳು, ಗಿಡ ಬೆಳೆಯೋವರೆಗೆ. ದೀಪ ನಿಲ್ಲಿಸಿದ ಮೇಲೆ ಮೊಗ್ಗು. ದೀಪದ ಕೆಳಗೆ ಹಳದಿ ಚುಕ್ಕೆ ಇಟ್ಟರೆ ನೋಡೋಕೆ ಚೆಂದ, ಆದರೆ ನಮ್ಮ ಮಾವ ಆ ಚಿತ್ರ ನೋಡಿದ ತಕ್ಷಣ ಇದು ಯಾರ ತೋಟ ಅಂತ ಕೇಳ್ತಾರೆ. ದೀಪದ ಕೆಳಗೆ ಬರೀ ಎಲೆ ಇರಬೇಕು. ಬಲ್ಬಿನ ಸೀದಾ ಕೆಳಗೆ ಎಲೆ ತಿಳಿಹಸಿರು, ಎರಡು ಬಲ್ಬ್ ನಡುವೆ ಕಪ್ಪಗೆ. ಅದನ್ನ ಹೇಗೆ ತರೋದು ಅಂತ ಯೋಚಿಸ್ತಾ ಇದ್ದೀನಿ.

ನಮ್ಮ ತೋಟ ಈಗ ಹೂವಿನಲ್ಲಿದೆ, ಪಕ್ಕದವರು ಹೊಸದಾಗಿ ನಾಟಿ ಮಾಡಿ ದೀಪ ಹಾಕಿದ್ದಾರೆ. ರಾತ್ರಿ ಊಟ ಆದ ಮೇಲೆ ಅವರ ಬದುವಿನ ಮೇಲೆ ಹೋಗಿ ಕೂರ್ತೀನಿ.

ಕಲ್ಪತರು ಕುಂಚ (ತುಮಕೂರು)

ಅಕ್ಕ, ಇದು ನನಗೆ ಗೊತ್ತೇ ಇರಲಿಲ್ಲ. ಆ ದೀಪಗಳನ್ನ ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೀನಿ, ಕೆಳಗೆ ಹೂ ಇದೆ ಅಂತಲೇ ಅಂದುಕೊಂಡಿದ್ದೆ. ಹೂ ಬೇಡ, ಎಲೆಯೇ ಇರಲಿ. ಆಯಿಲ್ ಪ್ಯಾಸ್ಟಲ್ ಮಾತು ವಾಪಸ್ ತಗೊಂಡೆ.

ಬಣ್ಣದ ಬುತ್ತಿ (ಶಿರಾ)

ಗುಲಾಬಿ ಬಣ್ಣ ಹಾರಿಹೋದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಚಿತ್ರಕಲೆ ಓದ್ತಿರೋ ವಿದ್ಯಾರ್ಥಿನಿ, ನನಗೂ ಹೀಗೇ ಆಗಿತ್ತು, ಆಮೇಲೆ ಹುಡುಕಿ ತಿಳ್ಕೊಂಡಿದ್ದು ಹೇಳ್ತೀನಿ.

ನಿಮ್ಮ ಕೈಯದು ಏನೂ ತಪ್ಪಿಲ್ಲ ಅಕ್ಕ. ಬಣ್ಣ ಹಾರಿಸೋದು ಬೆಳಕು, ಮತ್ತೆ ಎಲ್ಲಾ ಬಣ್ಣಕ್ಕೂ ತಾಳೋ ಶಕ್ತಿ ಒಂದೇ ಇರಲ್ಲ. ಅತಿ ಸುಲಭವಾಗಿ ಹೋಗೋದು ಗುಲಾಬಿ, ಕೆಂಪು, ನೇರಳೆ, ಅಂದರೆ ಹೂ ಬರೆಯೋರಿಗೆ ಬೇಕಾದ್ದೇ. ಟ್ಯೂಬಿನ ಮೇಲೆ ಹೆಸರು ನೋಡಬೇಡಿ, ಸಣ್ಣ ಅಕ್ಷರದಲ್ಲಿರೋ ಪಿಗ್ಮೆಂಟ್ ನಂಬರ್, ಅಂದರೆ ಒಳಗಿರೋ ಬಣ್ಣದ ಪುಡಿಯ ಗುರುತು, ನೋಡಿ. ಪಿಆರ್ 83 ಅಂತಿದ್ದರೆ ಅದು ಅಲಿಜರಿನ್ ಕ್ರಿಮ್ಸನ್. ನಮ್ಮ ಮಂಜಿಷ್ಠದ ಸಂಬಂಧಿ ಗಿಡದ ಬೇರಿಂದ ತೆಗೀತಿದ್ದ ಬಣ್ಣ, 1868ರಲ್ಲಿ ಜರ್ಮನಿಯಲ್ಲಿ ಪ್ರಯೋಗಾಲಯದಲ್ಲೇ ಮಾಡೋದು ಕಂಡುಹಿಡಿದರು. ತುಂಬಾ ಚೆಂದ, ಆದರೆ ತೆಳುವಾಗಿ ಹಾಕಿದರೆ ಬಿಸಿಲಿಗೆ ಉಳಿಯಲ್ಲ. ಒಪೇರಾ ಅಂತ ಬರೋ ಮಿಂಚು ಗುಲಾಬಿಯಲ್ಲಿ ಫ್ಲೋರೆಸೆಂಟ್ ಬಣ್ಣ ಸೇರಿರುತ್ತೆ, ಆ ಮಿಂಚು ಇನ್ನೂ ಬೇಗ ಹೋಗುತ್ತೆ. ಮಕ್ಕಳ ಬಿಲ್ಲೆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ನಂಬರೇ ಇರಲ್ಲ.

ಬದಲಿಗೆ ಪಿವಿ 19 ಇರೋ ಕ್ವಿನಾಕ್ರಿಡೋನ್ ರೋಸ್ ತಗೊಳ್ಳಿ. ಕ್ವಿನಾಕ್ರಿಡೋನ್ 1958ರಲ್ಲಿ ಮಾರುಕಟ್ಟೆಗೆ ಬಂತು, ಕಾರುಗಳ ಪೇಂಟಿಗೂ ಬಳಸ್ತಾರೆ, ಬಿಸಿಲಲ್ಲಿ ನಿಲ್ಲೋ ಕಾರಿಗೇ ತಡೆಯೋದು ನಮ್ಮ ಗೋಡೆಗೆ ತಡೆಯುತ್ತೆ. ಒಂದು ಸಣ್ಣ ಟ್ಯೂಬ್ ಬಹಳ ದಿನ ಬರುತ್ತೆ.

ನಿಮ್ಮಲ್ಲಿರೋ ಬಣ್ಣಗಳನ್ನ ನೀವೇ ಪರೀಕ್ಷೆ ಮಾಡಬಹುದು. ಒಂದು ಉದ್ದ ಕಾಗದದ ಪಟ್ಟಿಗೆ ಎಲ್ಲಾ ಬಣ್ಣ ಗೆರೆ ಗೆರೆಯಾಗಿ ಹಚ್ಚಿ, ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ, ದಕ್ಷಿಣ ಅಥವಾ ಪಶ್ಚಿಮದ ಕಿಟಕಿ ಗಾಜಿಗೆ ಅಂಟಿಸಿ. ಮೂರು ತಿಂಗಳಾದ ಮೇಲೆ ರಟ್ಟು ತೆಗೆದು ಎರಡು ಅರ್ಧ ಹೋಲಿಸಿ. ಗೆಳತಿಗೆ ಹೊಸದು ಬರೆದುಕೊಟ್ಟರೆ ಕಿಟಕಿ ಎದುರಿನ ಗೋಡೆ ಬೇಡ ಅಂತ ಹೇಳಿ.

ಕನಕ (ಗೌರಿಬಿದನೂರು)

ನಡುವೆ ಬರ್ತಿದ್ದೀನಿ, ಕ್ಷಮಿಸಿ. ಕನಕಾಂಬರದ ಬಣ್ಣ ಯಾರಿಗಾದರೂ ಸರಿಯಾಗಿ ಬಂದಿದೆಯಾ? ನಂದು ಯಾವಾಗಲೂ ಇಟ್ಟಿಗೆ ಬಣ್ಣ ಆಗುತ್ತೆ.

ಡ್ರಾಯಿಂಗ್ ಮೇಷ್ಟ್ರು (ಕೋಲಾರ)

ಕನಕ ಅವರೇ, ನಿಮ್ಮ ಕೆಂಪು ನೀಲಿಗೆ ವಾಲಿರೋದು ಇರಬೇಕು, ಗುಲಾಬಿಗೆಂಪು ಥರದ್ದು. ಹಳದಿ ಜೊತೆ ಸೇರಿದಾಗ ಆ ನೀಲಿ ಅಂಶ ಮಂಕು ಮಾಡುತ್ತೆ. ಟೊಮೇಟೊ ಥರದ ಬಿಸಿ ಕೆಂಪಿಗೆ ಬಿಸಿ ಹಳದಿ ಸೇರಿಸಿ. ಅದರ ಪಕ್ಕ ಹಸಿರು ಮೊಗ್ಗಿನ ತೆನೆ ಬಂದ ಮೇಲೆ ಕಿತ್ತಳೆ ಇನ್ನೂ ಎದ್ದು ಕಾಣುತ್ತೆ, ಹಾಗಾಗಿ ಹೂ ಮೊದಲೇ ಗಾಢ ಮಾಡಬೇಡಿ.

ತೋಟದಮನೆಯವರೇ, ದೀಪದ ಕೆಳಗಿನ ಎಲೆಗೆ ಉತ್ತರ ನಿಮ್ಮ ಮೊದಲ ಪ್ರಶ್ನೆಯಲ್ಲೇ ಇದೆ, ಯೋಚನೆ ಮಾಡಿ.

ತೋಟದಮನೆ (ಚಿಕ್ಕಬಳ್ಳಾಪುರ)

ಇಪ್ಪತ್ತು ದಿನ ಆದ ಮೇಲೆ ಬರೀತಿದ್ದೀನಿ. ಹಬ್ಬದ ಸಾಲು, ಹೂವಿಗೆ ರೇಟು ಬಂದಿತ್ತು, ಎಷ್ಟೋ ದಿನ ಬ್ರಷ್ ಮುಟ್ಟೋಕೂ ಆಗಲಿಲ್ಲ.

ಮೇಷ್ಟ್ರು ಬರೆದ ಕೊನೆ ಸಾಲನ್ನ ಎರಡು ದಿನ ತಲೆಯಲ್ಲಿ ಇಟ್ಟುಕೊಂಡೇ ಹೂ ಬಿಡಿಸಿದೆ. ಮೂರನೇ ದಿನ ಹೊಳೀತು. ಹಳದಿ ಮೇಲೆ ಕತ್ತಲೆ ಹಾಕಿದರೆ ಹಸಿರಾಗುತ್ತೆ ಅಂತ ತಾನೇ ನಾನು ಅಳ್ತಾ ಬಂದಿದ್ದು. ಇಲ್ಲಿ ಬೇಕಾಗಿರೋದೇ ಅದು.

ಕಾಟನ್ ಹಾಳೆಯನ್ನ ಎಂಟು ತುಂಡು ಮಾಡಿದ್ದೆ. ಒಂದು ತುಂಡನ್ನ ಒದ್ದೆ ಮಾಡಿ, ಬಲ್ಬ್ ಬರೋ ಏಳು ಕಡೆ ನಿಂಬೆ ಹಳದಿ ಇಟ್ಟು ಹರಡೋಕೆ ಬಿಟ್ಟೆ. ಒಣಗಿದ ಮೇಲೆ ಏಳು ಹಳದಿಯ ನಟ್ಟನಡುವೆ ಮೇಣದಬತ್ತಿ ಒತ್ತಿ ತಿರುಗಿಸಿದೆ. ಆಮೇಲೆ ಇಂಡಿಗೋ ಅನ್ನೋ ಕಡುನೀಲಿ, ಮೇಲಿಂದ ಕೆಳಕ್ಕೆ, ಒಂದೇ ಸಲ. ಹಳದಿ ಇದ್ದ ಕಡೆ ನೀಲಿ ಹಸಿರಾಯ್ತು, ಹಳದಿ ಮುಗಿದ ಕಡೆ ಕತ್ತಲೆಯಾಯ್ತು. ಎಲೆಯೇ ಬರೆಯದೆ ಎಲೆಯ ಹಸಿರು ಬಂತು. ಮೇಣದ ಕೆಳಗಿನ ಹಳದಿ ಹಾಗೇ ಉಳಿದು ದೀಪ ಆಯ್ತು. ಕೊನೆಗೆ ಮಗಳ ಹಸಿರು ಪೆನ್ಸಿಲ್‌ನಲ್ಲಿ ಸೀದಾ ಬಲ್ಬಿನ ಕೆಳಗಿನ ಗಿಡಗಳಿಗೆ ಮಾತ್ರ ನಾಲ್ಕೈದು ಎಲೆಯ ಅಂಚು ಎಳೆದೆ. ಸೇವಂತಿಗೆ ಎಲೆಯ ಅಂಚು ಸೀಳು ಸೀಳಾಗಿರುತ್ತಲ್ಲ, ಅಷ್ಟು ಎಳೆದರೆ ಸಾಕು, ಗೊತ್ತಿದ್ದವರಿಗೆ ಗೊತ್ತಾಗುತ್ತೆ. ಎರಡು ದೀಪದ ಹತ್ತಿರ ಮೇಣ ಸರಿಯಾಗಿ ಒತ್ತಿರಲಿಲ್ಲ, ನೀಲಿ ಒಳಗೆ ನುಗ್ಗಿದೆ. ಅವು ಮಂಕಾಗಿವೆ. ತೋಟದಲ್ಲೂ ವೋಲ್ಟೇಜ್ ಇಲ್ಲದಾಗ ಸಾಲಿನ ಕೊನೆಯ ಬಲ್ಬುಗಳು ಹಾಗೇ ಇರುತ್ತೆ, ಅದಕ್ಕೆ ಅದನ್ನ ತಿದ್ದಲಿಲ್ಲ.

ಮಾವನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ದೀಪ ಹಾಕಿ ಇಪ್ಪತ್ತು ದಿನ ಆಗಿರಬೇಕು ಈ ತೋಟಕ್ಕೆ" ಅಂದರು. ಪಕ್ಕದವರ ತೋಟಕ್ಕೆ ದೀಪ ಹಾಕಿ ಆವತ್ತಿಗೆ ಹತ್ತೊಂಬತ್ತು ದಿನ.

ಹಗಲಿನ ಹೂ ಇನ್ನೂ ನಡೀತಾ ಇದೆ, ಐದು ತುಂಡು ಉಳಿದಿದೆ. ಒಳಗಿನ ಬಿಸಿ ನೆರಳು ಬಂತು, ಹೊರಗಿನ ತಣ್ಣನೆ ನೆರಳು ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಬುತ್ತಿ ತಂಗಿ, ನೀವು ಹೇಳಿದ ಪಟ್ಟಿ ಪಶ್ಚಿಮದ ಕಿಟಕಿಗೆ ಅಂಟಿಸಿದ್ದೀನಿ, ಸಂಕ್ರಾಂತಿ ಕಳೆದ ಮೇಲೆ ತೆಗೀತೀನಿ. ಪಿವಿ 19 ಟ್ಯೂಬನ್ನ ಬೆಂಗಳೂರಿಗೆ ಹೂವಿನ ಲೋಡ್ ತಗೊಂಡು ಹೋಗೋ ಡ್ರೈವರ್ ಅಣ್ಣನ ಕೈಲಿ ತರಿಸಿದೆ. ಗೆಳತಿಯ ಬಟನ್ ರೋಸ್ ಇದರಲ್ಲೇ ಮತ್ತೆ ಬರೀತೀನಿ.

ಮೇಷ್ಟ್ರೇ, ಹೊರಗಿನ ಎಸಳಿಗೆ ನಿಂಬೆ ಹಳದಿ ಜೊತೆ ಯಾವ ನೀಲಿ ಸೇರಿಸಲಿ? ಇಂಡಿಗೋ ಒಂದು ಹನಿ ಹಾಕಿದರೂ ಜಾಸ್ತಿ ಆಗ್ತಿದೆ.

ಡ್ರಾಯಿಂಗ್ ಮೇಷ್ಟ್ರು (ಕೋಲಾರ)

ಇಂಡಿಗೋದಲ್ಲಿ ಸಾಮಾನ್ಯವಾಗಿ ಕಪ್ಪು ಬೆರೆತಿರುತ್ತೆ ಅಮ್ಮ, ಅದಕ್ಕೇ ಜಾಸ್ತಿ ಅನ್ನಿಸ್ತಿದೆ. ಅಲ್ಟ್ರಾಮರೀನ್ ನೀಲಿ ತಗೊಳ್ಳಿ. ಹಳದಿಗೆ ಬೆರೆಸಬೇಡಿ, ಬರೀ ನೀರಿಗೆ ಬೆರೆಸಿ, ನೀರು ನೀಲಿ ಅಂತ ಗೊತ್ತಾಗೋ ಅಷ್ಟೇ ತೆಳುವಾಗಿ, ಒಣಗಿದ ಹಳದಿ ಮೇಲೆ ಒಂದು ಸಲ ಎಳೆದು ಬಿಟ್ಟುಬಿಡಿ. ಎರಡನೇ ಸಲ ಬ್ರಷ್ ಆಡಿಸಿದರೆ ಕೆಳಗಿನ ಹಳದಿ ಎದ್ದು ಬರುತ್ತೆ. ಬೆಳಗ್ಗೆ ಎಂಟರೊಳಗೆ ಮಾಡಿ, ಬಿಸಿಲು ಏರಿದ ಮೇಲೆ ನೆರಳು ಬದಲಾಗುತ್ತೆ.